ನಿಮ್ಮ ಪ್ರಶ್ನೆ: ಸಣ್ಣ ಅನುದಾನ ಎಲ್ಲಿಗೆ ಹಾಕಬೇಕು?

ಪ್ರಶ್ನೆ: ಉಗಾಂಡಾದಲ್ಲಿ ರುಮ್ಯಾಟಿಕ್ ಹೃದ್ರೋಗ (ಗಂಟಲು ಸೋಂಕಿನ ನಂತರದ ಜ್ವರದಿಂದ ಹೃದಯದ ಕವಾಟ ಕೆಡುವ ರೋಗ) ತಡೆಯುವ ಕೆಲಸಕ್ಕೆ ನಮ್ಮ ಗೆಳೆಯರ ಬಳಗ ಒಂದು ಜಿಲ್ಲಾ ಕ್ಲಿನಿಕ್ಕಿಗೆ ವರ್ಷದ ಸಣ್ಣ ಅನುದಾನ ಕೊಡಬೇಕೆಂದಿದೆ. ಶಾಲೆಗಳಲ್ಲಿ ಎಕೋ (ಹೃದಯದ ಸ್ಕ್ಯಾನ್) ಶಿಬಿರ ಮಾಡಿಸಿದರೆ ಹೇಗೆ? (ಓದುಗರು, ಕಂಪಾಲಾ)

ಉತ್ತರ: ಶಿಬಿರ ಆಮೇಲೆ ನೋಡೋಣ. ನೀವಿರುವ ದೇಶದ ಉತ್ತರ ಭಾಗದಲ್ಲೇ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಲಕ್ಷಣವೇ ಇಲ್ಲದೆ ಎಕೋದಲ್ಲಿ ಮಾತ್ರ ರೋಗ ಕಂಡ 818 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ (ಮೈಯಲ್ಲಿ ವಾರಗಟ್ಟಲೆ ಉಳಿಯುವ ಪೆನಿಸಿಲಿನ್) ಸೂಜಿ ಕೊಟ್ಟರು. ಎರಡು ವರ್ಷದಲ್ಲಿ ಆ ಗುಂಪಿನಲ್ಲಿ ರೋಗ ಮುಂದುವರಿದದ್ದು 3 ಮಕ್ಕಳಿಗೆ, ಇನ್ನೊಂದರಲ್ಲಿ 33 ಮಕ್ಕಳಿಗೆ. ಕಾಪಾಡಿದ್ದು ತಪ್ಪದೆ ಬಿದ್ದ ಸೂಜಿ. ಮಗುವಿನ ಕವಾಟದಲ್ಲಿ ದೋಷವಿದೆ ಎಂದು ತಾಯಿಗೆ ಹೇಳಿ, ಮುಂದಿನ ತಿಂಗಳು ಕ್ಲಿನಿಕ್ಕಿನಲ್ಲಿ ಮದ್ದೇ ಇಲ್ಲದಿದ್ದರೆ ಅಂಥ ಶಿಬಿರದಿಂದ ಆಗುವುದು ಹೆದರಿಕೆ ಮಾತ್ರ.

ಹಾಗಾಗಿ ಹಣ ಮೊದಲು ಮದ್ದಿಗೆ. ಲೆಕ್ಕ ಹೀಗೆ ಹಾಕಿ. ಒಬ್ಬರಿಗೆ ವರ್ಷಕ್ಕೆ 13 ಡೋಸ್, 100 ಜನರಿಗೆ 1,300. ಮದ್ದು ಚೆಲ್ಲುವುದು, ಸೂಜಿ ಕಟ್ಟಿಕೊಳ್ಳುವುದು ಇದ್ದೇ ಇರುತ್ತದೆ, ನೂರಕ್ಕೆ ಹತ್ತು ಸೇರಿಸಿ. ಮೂರು ತಿಂಗಳ ದಾಸ್ತಾನು ಸದಾ ಕೈಯಲ್ಲಿರಲಿ. ಉಳಿದ ಹಣ ರಿಜಿಸ್ಟರ್, ಫೋನ್ ಕರೆನ್ಸಿ, ದೂರದವರ ಬೋಡಾ (ಬೈಕ್ ಟ್ಯಾಕ್ಸಿ) ಬಾಡಿಗೆಗೆ. ರಿಜಿಸ್ಟರಿನಲ್ಲಿ ತೂಕ, ಕವಾಟದ ಸ್ಥಿತಿ, ಮುಂದಿನ ತಾರೀಖು, ಎರಡು ಫೋನ್ ನಂಬರ್ ಇರಬೇಕು. ಎರಡು ಯಾಕೆಂದರೆ, ಹಾಸ್ಟೆಲ್ ಶಾಲೆಯ ಮಕ್ಕಳು ರಜೆಗೆ ಊರಿಗೆ ಹೋದಾಗಲೇ ಸೂಜಿ ತಪ್ಪುವುದು.

ವರ್ಷದ ಕೊನೆಗೆ ‘ಎಷ್ಟು ಸೂಜಿ ಕೊಟ್ಟಿರಿ’ ಎಂದು ಕೇಳಬೇಡಿ, ಅದು ದೊಡ್ಡ ಸಂಖ್ಯೆಯಾಗಿಯೇ ಇರುತ್ತದೆ. 13ರಲ್ಲಿ ಕನಿಷ್ಠ 11 ಪಡೆದವರೆಷ್ಟು ಎಂದು ಕೇಳಿ. 10ಕ್ಕೆ ಇಳಿದರೆ ಶೇ. 77, ಸಾಮಾನ್ಯವಾಗಿ ಇಟ್ಟುಕೊಳ್ಳುವ ಶೇ. 80ರ ಗುರಿಗಿಂತ ಕೆಳಗೆ.

ಪ್ರಶ್ನೆ: ಮದ್ದು ಅರ್ಧ ಹೋಗುವಷ್ಟರಲ್ಲಿ ಸೂಜಿ ಕಟ್ಟಿಕೊಳ್ಳುತ್ತದೆ. ಏನು ಮಾಡುವುದು? (ಸ್ಟಾಫ್ ನರ್ಸ್, ದಾರ್ ಎಸ್ ಸಲಾಮ್)

ಉತ್ತರ: ನಮ್ಮೂರಲ್ಲಿ ಪೆನಿಡ್ಯೂರ್ (ಇದೇ ಬೆಂಜಥೀನ್ ಪೆನಿಸಿಲಿನ್‌ನ ಒಂದು ಬ್ರಾಂಡ್) ಕೊಡುವವರಿಗೂ ಇದು ಹಳೇ ತಾಪತ್ರಯ. ಈ ಪುಡಿ ನೀರಿನಲ್ಲಿ ಕರಗುವುದಿಲ್ಲ, ಸುಣ್ಣದ ತಿಳಿಯಡಿಯ ಗಸಿಯಂತೆ ತೇಲುತ್ತಿರುತ್ತದೆ. ನಿಂತರೆ ತಳ ಹಿಡಿಯುತ್ತದೆ. ವಯಲ್ ಮೇಲೆ ಬರೆದಷ್ಟು ದ್ರಾವಣ ಹಾಕಿ, ಗಂಟು ಉಳಿಯದಂತೆ ಅಂಗೈಗಳ ನಡುವೆ ಉರುಳಿಸಿ, ಎಳೆದ ತಕ್ಷಣ ಕೊಡಿ. ಚುಚ್ಚಲು ಹೊಸ 21 ಗೇಜ್ ಸೂಜಿ ಹಾಕಿ. 23 ಗೇಜ್ ತೆಳು, ಕಟ್ಟಿಕೊಳ್ಳುತ್ತದೆ. ಎರಡು ಮೂರು ನಿಮಿಷ ತೆಗೆದುಕೊಂಡು ಒಂದೇ ಸಮನೆ ಒತ್ತಿ, ನಡುವೆ ನಿಲ್ಲಿಸಬೇಡಿ. ಇದು ಸ್ನಾಯುವಿಗೆ ಮಾತ್ರ. ರಕ್ತನಾಳಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ನೀರಿನ ಬದಲು ಅಡ್ರಿನಲಿನ್ ಇಲ್ಲದ ಲಿಡೊಕೇನ್ (ಮರಗಟ್ಟಿಸುವ ಮದ್ದು) ಬಳಸಿದರೆ ನೋವು ಕಡಿಮೆ, ಮಗು ಮುಂದಿನ ತಿಂಗಳೂ ಬರುತ್ತದೆ. ಅದಕ್ಕೆ ವೈದ್ಯರ ಅನುಮತಿ ಬೇಕು.

ಪ್ರಶ್ನೆ: ಸೂಜಿಯಾದ ಕೂಡಲೇ ರೋಗಿಯೊಬ್ಬರು ತೀರಿಕೊಂಡರು. ಅಲರ್ಜಿ ಎಂದು ಈಗ ಯಾರೂ ಬರುತ್ತಿಲ್ಲ. (ಅದೇ ಸ್ಟಾಫ್ ನರ್ಸ್)

ಉತ್ತರ: ಎಲ್ಲವೂ ಅಲರ್ಜಿಯಲ್ಲ. ಕವಾಟ ತೀರಾ ಹಾಳಾಗಿ ಹೃದಯ ಸೋತವರಲ್ಲಿ ನೋವು, ಭಯಕ್ಕೆ ರಕ್ತದೊತ್ತಡ ಕುಸಿದೇ ಸಾವು ಬರಬಹುದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಅಂಥವರಿಗೆ ಪೆನಿಸಿಲಿನ್ ಮಾತ್ರೆಯನ್ನು ಪರಿಗಣಿಸಲು ಹೇಳಿತು. ಮೊದಲ ಉತ್ತರದಲ್ಲಿ ರಿಜಿಸ್ಟರಿನಲ್ಲಿ ಕವಾಟದ ಸ್ಥಿತಿ ಇರಬೇಕು ಎಂದದ್ದು ಇದಕ್ಕೇ. ಮಿಕ್ಕವರಿಗೆ ತಿಂಡಿ, ನೀರು ಆದಮೇಲೆ, ಮಲಗಿಸಿಯೇ ಕೊಡಿ. ಅರ್ಧ ಗಂಟೆ ಕೂರಿಸಿ. ನಿಜವಾದ ಅಲರ್ಜಿಯಾದರೆ ಬೇಕಾಗುವ ಅಡ್ರಿನಲಿನ್ ಬೀರುವಿನಲ್ಲಿ ಬೀಗ ಹಾಕಿಟ್ಟಿರದೆ ಟ್ರೇಯಲ್ಲೇ ಇರಲಿ.