ಒಬ್ಬನೇ ಸ್ಪಿನ್ನರ್ ಎಂದ ಮೇಲೆ ಯಾರು?

(ಈ ವಾರ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದವರು ಹಾಸನದಲ್ಲಿ ಬಹುಕಾಲದಿಂದ ಹುಡುಗರಿಗೆ ಸ್ಪಿನ್ ಕಲಿಸುತ್ತಿರುವ ಕ್ರಿಕೆಟ್ ತರಬೇತುದಾರರು.)

ಪ್ರಶ್ನೆ: 2021ರ ಇಂಗ್ಲೆಂಡ್ ಪ್ರವಾಸದಲ್ಲಿ ಆಡಿದ ನಾಲ್ಕು ಟೆಸ್ಟ್‌ಗಳಲ್ಲೂ ಅಶ್ವಿನ್ ಹೊರಗೇ ಉಳಿದರು. 2025ರಲ್ಲಿ ಐದು ಟೆಸ್ಟ್ ನಡೆದರೂ ಕುಲದೀಪ್ ಯಾದವ್ ನೀರಿನ ಬಾಟಲಿ ಹೊತ್ತದ್ದೇ ಬಂತು. ವಿಕೆಟ್ ಕೀಳುವವನನ್ನು ಕೂರಿಸಿ ಬ್ಯಾಟ್ ಬೀಸುವವನನ್ನು ಆಡಿಸುವುದು ಯಾವ ನ್ಯಾಯ, ಸರ್?
– ಕಾಫಿ ಬೆಳೆಗಾರ, ಸಕಲೇಶಪುರ

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನನ್ನದೂ ಹೌದು. ಮದುವೆಗೆ ಒಬ್ಬನೇ ಅಡುಗೆಯವನನ್ನು ಕರೆಸುವಾಗ ‘ಇವನಿಗೆ ಬಡಿಸಲಿಕ್ಕೂ ಬರುತ್ತದೆಯೇ’ ಎಂದು ಮೊದಲು ಕೇಳುವವರುಂಟೇ? ಸಾರು ಹೇಗೆ ಮಾಡುತ್ತಾನೆ ಎಂದು ವಿಚಾರಿಸಿ, ಬಡಿಸುವ ಮಾತನ್ನು ಆಮೇಲೆ ಎತ್ತುತ್ತೇವೆ. ನಮ್ಮ ಆಯ್ಕೆಯಲ್ಲಿ ಈ ಕ್ರಮ ಎಷ್ಟೋ ಸಲ ತಲೆಕೆಳಗಾಗಿದೆ.

ಆದರೆ ಆ ಕಡೆಯ ವಾದವನ್ನೂ ತಳ್ಳಿಹಾಕುವಂತಿಲ್ಲ. 2025ರಲ್ಲಿ ಮ್ಯಾಂಚೆಸ್ಟರ್ ಟೆಸ್ಟನ್ನು ಉಳಿಸಿದ್ದು ಬ್ಯಾಟಿಂಗೂ ಬರುವ ಸ್ಪಿನ್ನರ್‌ಗಳಾದ ಜಡೇಜ ಮತ್ತು ವಾಷಿಂಗ್ಟನ್ ಸುಂದರ್ ಅವರ ಅಜೇಯ ಶತಕಗಳು. ಅದರ ಮುಂದಿನ ಓವಲ್ ಟೆಸ್ಟನ್ನು ಭಾರತ ಗೆದ್ದದ್ದು ಬರೀ 6 ರನ್‌ಗಳಿಂದ. ಅಲ್ಲಿ ಎರಡನೆಯ ಇನಿಂಗ್ಸ್‌ನಲ್ಲಿ ಸುಂದರ್ ಹೊಡೆದ 53 ರನ್‌ಗಳನ್ನು ಕಳೆದು ಲೆಕ್ಕ ಹಾಕಿ ನೋಡಿ. ಎಂಟನೆಯ ಕ್ರಮಾಂಕದ ಬ್ಯಾಟಿಂಗ್ ಬೇಡ ಎನ್ನುವ ಧೈರ್ಯ ನನಗೂ ಇಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಹೊರದೇಶದಲ್ಲಿ ಒಬ್ಬನೇ ಸ್ಪಿನ್ನರ್ ಆಗಿ ಇಳಿಯುವವನಿಗೆ ಎರಡು ಕೆಲಸ. ಮೊದಲ ದಿನ, ಚೆಂಡಿನ ಹೊಳಪು ಹೋದ ಮೇಲೆ 80 ಓವರ್‌ಗೆ ಹೊಸ ಚೆಂಡು ಬರುವವರೆಗೆ, ಒಂದು ತುದಿಯನ್ನು ಬಿಗಿಯಾಗಿ ಹಿಡಿದಿರಬೇಕು. ಇಲ್ಲವಾದರೆ ಮೂವರು ವೇಗಿಗಳು ಸಂಜೆಯ ಹೊತ್ತಿಗೆ ಬಸವಳಿದಿರುತ್ತಾರೆ. ಐದನೆಯ ದಿನ ಅವನೇ ಪಂದ್ಯ ಮುಗಿಸಿಕೊಡಬೇಕು. ನಮ್ಮ ನೆಲದಲ್ಲಾದರೆ ಎದುರು ತುದಿಯಲ್ಲಿ ಇನ್ನೊಬ್ಬ ಸ್ಪಿನ್ನರ್ ಇರುತ್ತಾನೆ, ಒತ್ತಡ ಹಂಚಿಹೋಗುತ್ತದೆ. ಅಲ್ಲಿ ಅವನು ಒಂಟಿ. ಎರಡು ಓವರ್ ಹೊಡೆಸಿಕೊಂಡರೆ ನಾಯಕನ ಕಣ್ಣು ಬೇರೆಯವನನ್ನು ಹುಡುಕುತ್ತದೆ. ಹಾಗಾಗಿ ನಾನು ಆಯ್ಕೆಗಾರನಾಗಿದ್ದರೆ ಕೇಳುವ ಮೊದಲ ಪ್ರಶ್ನೆ ಸ್ಪಿನ್ನರ್‌ಗೆ ಆಗಿರುವುದಿಲ್ಲ, ನಾಯಕನಿಗೆ: ‘ಐವತ್ತನೆಯ ಓವರ್‌ನಲ್ಲಿ ಏನೂ ನಡೆಯದೆ ಇರುವಾಗ ಯಾರ ಕೈಗೆ ಚೆಂಡು ಕೊಟ್ಟು ನಿಶ್ಚಿಂತೆಯಿಂದ ಇರುತ್ತೀಯ?’ ಅವನು ಹೇಳುವ ಹೆಸರನ್ನು ಬರೆದುಕೊಂಡು ಸರಣಿ ಪೂರ್ತಿ ಅವನನ್ನೇ ಆಡಿಸುತ್ತೇನೆ.

ಆಸ್ಟ್ರೇಲಿಯಾದವರು ನೇಥನ್ ಲಯನ್ ವಿಷಯದಲ್ಲಿ ಮಾಡಿದ್ದು ಇದನ್ನೇ. ಅಡಿಲೇಡ್ ಮೈದಾನದಲ್ಲಿ ಪಿಚ್ ನೋಡಿಕೊಳ್ಳುವ ಸಿಬ್ಬಂದಿಯಲ್ಲಿದ್ದ ಮನುಷ್ಯ 2011ರಲ್ಲಿ ಟೆಸ್ಟ್ ಆಡಲು ಬಂದ. 2023ರ ಲಾರ್ಡ್ಸ್ ಟೆಸ್ಟ್ ಅವನಿಗೆ ಸತತ 100ನೆಯದು. ನಮ್ಮ ಕಥೆ ನೋಡಿ: 2024ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಪರ್ತ್‌ಗೆ ಸುಂದರ್, ಅಡಿಲೇಡ್‌ಗೆ ಅಶ್ವಿನ್, ಬ್ರಿಸ್ಬೇನ್‌ಗೆ ಜಡೇಜ. ಮೂರು ಪಂದ್ಯಕ್ಕೆ ಮೂವರು ಒಂಟಿ ಸ್ಪಿನ್ನರ್‌ಗಳು! ಮೂರನೆಯ ಪಂದ್ಯ ಮುಗಿದ ದಿನವೇ 537 ವಿಕೆಟ್‌ಗಳ ಅಶ್ವಿನ್ ನಿವೃತ್ತಿ ಘೋಷಿಸಿದರು.

ಅಶ್ವಿನ್ ಪರವಾಗಿ ಇಷ್ಟು ಹೇಳಿದ ಮೇಲೆ ಒಂದು ಕಹಿ ನೆನಪನ್ನೂ ಮುಚ್ಚಿಡಬಾರದು. 2013ರ ಡಿಸೆಂಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ದಕ್ಷಿಣ ಆಫ್ರಿಕಾ 458ರ ಗುರಿ ಬೆನ್ನಟ್ಟಿ 7 ವಿಕೆಟ್‌ಗೆ 450ರವರೆಗೆ ಹೋಯಿತು. ನಾಲ್ಕನೆಯ ಇನಿಂಗ್ಸ್, ಸವೆದ ಪಿಚ್. ಆದರೂ ನಮ್ಮ ಏಕೈಕ ಸ್ಪಿನ್ನರ್‌ಗೆ ಒಂದು ವಿಕೆಟ್ ಕೂಡ ಸಿಗಲಿಲ್ಲ. ಮುಂದಿನ ಡರ್ಬನ್ ಟೆಸ್ಟ್‌ಗೆ ಜಡೇಜ ಬಂದರು, 138 ರನ್‌ಗೆ 6 ವಿಕೆಟ್ ಕಿತ್ತರು. ಆ ಒಂದು ಪಂದ್ಯದ ಸೋಲಿನಂಥ ಡ್ರಾ ಎಷ್ಟೋ ವರ್ಷ ಅಶ್ವಿನ್ ಬೆನ್ನು ಬಿಡಲಿಲ್ಲ ಎಂದು ನನ್ನ ಅನುಮಾನ.

ಪ್ರಶ್ನೆ: ಆಫ್‌ಸ್ಪಿನ್ನರ್, ಎಡಗೈ ಸ್ಪಿನ್ನರ್, ಮಣಿಕಟ್ಟು ತಿರುಗಿಸುವ ಸ್ಪಿನ್ನರ್ – ಈ ಮೂವರಲ್ಲಿ ಹೊರದೇಶಕ್ಕೆ ಯಾರು ಸರಿ? ಆಯ್ಕೆಗೆ ಏನಾದರೂ ಆಧಾರವಿದೆಯೇ ಅಥವಾ ಬರೀ ಅಂದಾಜೇ?
– ಕಾಲೇಜು ಉಪನ್ಯಾಸಕಿ, ಅರಸೀಕೆರೆ

ಉತ್ತರ: ಆಧಾರವಿದೆ ಮೇಡಂ, ಅದೂ ಮೂರು ಕಡೆ: ಚೆಂಡಿನಲ್ಲಿ, ಎದುರಾಳಿ ಬ್ಯಾಟರ್‌ಗಳ ಕೈಯಲ್ಲಿ, ನಮ್ಮದೇ ವೇಗಿಗಳ ಬೂಟಿನಲ್ಲಿ.

ಬೂಟಿನ ಮಾತನ್ನು ಮೊದಲು ಹೇಳುತ್ತೇನೆ, ಜನ ಮರೆಯುವುದು ಅದನ್ನೇ. ಬಲಗೈ ವೇಗಿ ಸ್ಟಂಪ್‌ನ ಎಡ ಪಕ್ಕದಿಂದ ಬೌಲ್ ಮಾಡಿ ಮುಂದೆ ಓಡುವಾಗ ಅವನ ಬೂಟಿನ ಮೊಳೆಗಳು ಪಿಚ್‌ನ ಒಂದು ಪಕ್ಕವನ್ನು ಕೆದಕುತ್ತವೆ. ಎದುರು ತುದಿಯಿಂದ ಸ್ಪಿನ್ನರ್ ಬಂದಾಗ ಆ ಒರಟು ಜಾಗ ಬಲಗೈ ಬ್ಯಾಟರ್‌ನ ಲೆಗ್‌ಸ್ಟಂಪ್ (ಕಾಲ ಬದಿಯ ಸ್ಟಂಪ್) ಆಚೆಗೆ, ಎಡಗೈ ಬ್ಯಾಟರ್‌ನ ಆಫ್‌ಸ್ಟಂಪ್ ಆಚೆಗೆ ಬೀಳುತ್ತದೆ. ಎಡಗೈ ಬ್ಯಾಟರ್‌ಗಳು ಹೆಚ್ಚಿರುವ ತಂಡದ ಎದುರು ಆಫ್‌ಸ್ಪಿನ್ನರ್‌ಗೆ, ಅಂದರೆ ಬಲಗೈ ಬೆರಳಿನಿಂದ ತಿರುಗಿಸುವವನಿಗೆ, ಬೆಲೆ ಏರುವುದು ಇದರಿಂದಲೇ. ಬಲಗೈಯವರೇ ಹೆಚ್ಚಿದ್ದರೆ ಎಡಗೈ ಸ್ಪಿನ್ನರ್ ಅದೇ ಜಾಗಕ್ಕೆ ಚೆಂಡು ಹಾಕಿ ಕಾಡಬಹುದು. 2021ರ ಓವಲ್ ಟೆಸ್ಟ್‌ನ ಕೊನೆಯ ದಿನ ಜಡೇಜ ಲೆಗ್‌ಸ್ಟಂಪ್ ಆಚೆ ಹಾಕಿದ ಚೆಂಡು ಹಸೀಬ್ ಹಮೀದ್ ಅವರ ಆಫ್‌ಸ್ಟಂಪ್ ಎಗರಿಸಿತಲ್ಲ, ಅದು ವೇಗಿಗಳು ಬೆಳಿಗ್ಗೆಯಿಂದ ಉತ್ತ ಹೊಲದ ಫಸಲು. ಇನ್ನು ತಂಡದಲ್ಲಿ ಮಿಚೆಲ್ ಸ್ಟಾರ್ಕ್‌ನಂಥ ಎಡಗೈ ವೇಗಿ ಇದ್ದರೆ ಒರಟು ಜಾಗ ಬಲಗೈ ಬ್ಯಾಟರ್‌ನ ಆಫ್‌ಸ್ಟಂಪ್ ಆಚೆಗೂ ಏಳುತ್ತದೆ. ಲಯನ್ ಅದನ್ನು ಎಷ್ಟು ಬಳಸಿಕೊಂಡ ಎನ್ನುವುದು ನಮ್ಮ ಬ್ಯಾಟರ್‌ಗಳಿಗೆ ಚೆನ್ನಾಗಿ ಗೊತ್ತು. ನಾವು ಎಡಗೈ ವೇಗಿಯನ್ನು ಆರಿಸುವಾಗ ಸ್ವಿಂಗ್ ಬಗ್ಗೆ ಮಾತನಾಡುತ್ತೇವೆ, ಈ ಉಳುಮೆಯ ಬಗ್ಗೆ ಮಾತನಾಡುವುದಿಲ್ಲ.

ಚೆಂಡಿನ ವಿಷಯ. ಇಂಗ್ಲೆಂಡಿನ ಡ್ಯೂಕ್ ಚೆಂಡಿನ ಹೊಲಿಗೆ ಬಹಳ ಹೊತ್ತು ಉಬ್ಬಿಕೊಂಡಿರುತ್ತದೆ. ವೇಗಿಗಳಿಗೇ ಕೆಲಸ ಹೆಚ್ಚು, ಸ್ಪಿನ್ನರ್‌ಗೆ ಸಿಗುವ ಓವರ್ ಕಡಿಮೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್‌ಗಳ ಕುಕಬುರ ಚೆಂಡಿನ ಹೊಲಿಗೆ ಬೇಗ ಕೂತುಬಿಡುತ್ತದೆ. ಆಗ ಬೆರಳಿನಿಂದ ಪಕ್ಕಕ್ಕೆ ತಿರುಗಿಸುವವನ ಚೆಂಡು ನೆಲ ಕಚ್ಚುವುದಿಲ್ಲ, ಬ್ಯಾಟರ್ ಹಿಂದಕ್ಕೆ ಸರಿದು ಆರಾಮವಾಗಿ ಆಡುತ್ತಾನೆ. ಅಲ್ಲಿ ಬೇಕಾದದ್ದು ಮೇಲಿನಿಂದ ಮುಂದಕ್ಕೆ ಉರುಳುವ ಸುತ್ತು. ಅದು ಗಾಳಿಯಲ್ಲಿ ಚೆಂಡನ್ನು ಥಟ್ಟನೆ ಕೆಳಗಿಳಿಸುತ್ತದೆ, ಬಿದ್ದ ಮೇಲೆ ಎತ್ತರಕ್ಕೆ ಪುಟಿಸುತ್ತದೆ. ಸ್ಪಿನ್ನರ್‌ನನ್ನು ಹೊರದೇಶಕ್ಕೆ ಆರಿಸುವಾಗ ಎಷ್ಟು ತಿರುಗಿಸುತ್ತಾನೆ ಎಂದು ಅಳೆಯುವ ಬದಲು ಬ್ಯಾಟಿನ ಯಾವ ಭಾಗಕ್ಕೆ ಚೆಂಡು ಬಡಿಯುತ್ತಿದೆ ಎಂದು ನೋಡಿ ಎನ್ನುತ್ತೇನೆ. ಹಿಡಿಯ ಹತ್ತಿರ ಬಡಿಯುತ್ತಿದ್ದರೆ ಅವನ ಪಾಸ್‌ಪೋರ್ಟ್ ಸಿದ್ಧ ಮಾಡಿಡಿ.

ನಮ್ಮ ರಾಜ್ಯದವರೇ ಇದಕ್ಕೆ ಸಾಕ್ಷಿ. ಭಾರತ ಆಸ್ಟ್ರೇಲಿಯಾ ನೆಲದಲ್ಲಿ ಮೊದಲ ಸಲ ಟೆಸ್ಟ್ ಗೆದ್ದ ಮೆಲ್ಬರ್ನ್ ಪಂದ್ಯದಲ್ಲಿ, 1977–78ರ ಸರಣಿಯಲ್ಲಿ, ಚಂದ್ರಶೇಖರ್ ಎರಡೂ ಇನಿಂಗ್ಸ್‌ಗಳಲ್ಲಿ ತಲಾ 52 ರನ್ ಕೊಟ್ಟು ತಲಾ 6 ವಿಕೆಟ್ ಪಡೆದರು. ಕುಂಬ್ಳೆ ಚೆಂಡು ತಿರುಗುವುದೇ ಇಲ್ಲ ಎಂದು ನಕ್ಕವರು ಬಹಳ ಮಂದಿ ಇದ್ದರು. 2003–04ರಲ್ಲಿ ಬ್ರಿಸ್ಬೇನ್‌ನ ಮೊದಲ ಟೆಸ್ಟ್‌ಗೆ ಅವರಿಗೆ ಜಾಗವೇ ಇರಲಿಲ್ಲ. ಹರಭಜನ್ ಗಾಯಗೊಂಡ ಮೇಲೆ ಬಂದು ಉಳಿದ ಮೂರು ಟೆಸ್ಟ್‌ಗಳಲ್ಲಿ 24 ವಿಕೆಟ್ ಕಿತ್ತರು. ಸಿಡ್ನಿಯ ಒಂದೇ ಇನಿಂಗ್ಸ್‌ನಲ್ಲಿ 141 ರನ್‌ಗೆ 8. ಎತ್ತರದ ಆಳು, ವೇಗದ ಚೆಂಡು, ಎದೆಯತ್ತ ಏಳುವ ಪುಟಿತ.

ನಿಮ್ಮ ಅರಸೀಕೆರೆ ಸೀಮೆಯ ತೆಂಗಿನ ನಾರಿಗೂ ಈ ಪಾಠದಲ್ಲಿ ಪಾಲಿದೆ ಎಂದರೆ ನಗಬೇಡಿ. ನಾವು ಆಡುತ್ತಿದ್ದದ್ದು ನಾರಿನ ಮ್ಯಾಟ್ ಮೇಲೆ, ನಾಲ್ಕು ಕಡೆ ಗೂಟ ಬಡಿದು ಬಿಗಿದ ಮ್ಯಾಟ್. ಅದರ ಮೇಲೆ ಚೆಂಡು ಕಚ್ಚಿ ಎದ್ದು ನಿಲ್ಲುತ್ತಿತ್ತು. ಎತ್ತರದಿಂದ ಸುತ್ತು ಕೊಡುವವನಿಗೆ ವಿಕೆಟ್ ತಾನಾಗಿ ಸಿಗುತ್ತಿತ್ತು. ಆದರೂ ನಮ್ಮ ಜಿಲ್ಲೆಯ ಹೆಸರು ಟೆಸ್ಟ್ ಅಂಗಳ ಮುಟ್ಟಿದ್ದು ವೇಗಿಗಳಿಂದ: ಜಾವಗಲ್ ಎಂಬ ಊರ ಹೆಸರು ಹೊತ್ತ ಶ್ರೀನಾಥ್, ನಿಮ್ಮೂರಿನಲ್ಲೇ ಹುಟ್ಟಿದ ಡೇವಿಡ್ ಜಾನ್ಸನ್. ಸ್ಪಿನ್ನರ್‌ಗಾಗಿ ಇನ್ನೂ ಕಾಯುತ್ತಿದ್ದೇನೆ.

ಹಾಗಾದರೆ ಹೆಸರು ಹೇಳಿ ಎನ್ನುತ್ತೀರಿ. ಆಸ್ಟ್ರೇಲಿಯಾಕ್ಕೆ ನನ್ನ ಮೊದಲ ಆಯ್ಕೆ ಮಣಿಕಟ್ಟು ತಿರುಗಿಸುವ ಕುಲದೀಪ್. 2019ರ ಸಿಡ್ನಿಯಲ್ಲಿ 99 ರನ್‌ಗೆ 5 ವಿಕೆಟ್ ತೆಗೆದದ್ದು ಕುಕಬುರದಲ್ಲೇ. ಇಂಗ್ಲೆಂಡಿಗೆ ಅದೇ ಮಾತು ಹೇಳಲಾರೆ. 2018ರ ಲಾರ್ಡ್ಸ್‌ನಲ್ಲಿ ಮೊದಲ ದಿನ ಪೂರ್ತಿ ಮಳೆ, ಆಮೇಲೆ ಮೋಡ. ಅಲ್ಲಿ ಅವರನ್ನು ಎರಡನೆಯ ಸ್ಪಿನ್ನರ್ ಆಗಿ ಆಡಿಸಿ ಒಂಬತ್ತು ಓವರ್ ಮಾತ್ರ ಕೊಟ್ಟರು, ವಿಕೆಟ್ ಬರಲಿಲ್ಲ. ಡಕೆಟ್, ಸ್ಟೋಕ್ಸ್ ಇಬ್ಬರೂ ಎಡಗೈಯವರಿರುವ ಈಗಿನ ಇಂಗ್ಲೆಂಡ್ ಎದುರು ನಾನು ಆಫ್‌ಸ್ಪಿನ್ನರ್ ಸುಂದರ್ ಕಡೆ ವಾಲುತ್ತೇನೆ. 2025ರ ಲಾರ್ಡ್ಸ್‌ನಲ್ಲಿ 22 ರನ್‌ಗೆ 4 ವಿಕೆಟ್ ಪಡೆದದ್ದು ಬ್ಯಾಟಿನಿಂದಲ್ಲ ತಾನೇ.

ಪ್ರಶ್ನೆ: ಹಸಿರು ಪಿಚ್ ಇದ್ದರೆ ಸ್ಪಿನ್ನರ್ ಇಲ್ಲದೆ ನಾಲ್ವರು ವೇಗಿಗಳನ್ನೇ ಆಡಿಸಿದರೆ ತಪ್ಪೇನು?
– ಬೇಲೂರು

ಉತ್ತರ: ಪರ್ತ್, 2018. ಅಶ್ವಿನ್‌ಗೆ ಗಾಯವಾಗಿತ್ತು, ಜಡೇಜ ಇದ್ದರೂ ನಾವು ನಾಲ್ವರು ವೇಗಿಗಳೊಂದಿಗೆ ಇಳಿದೆವು. ಅದೇ ಪಿಚ್‌ನಲ್ಲಿ ಲಯನ್ 8 ವಿಕೆಟ್ ತೆಗೆದು ಪಂದ್ಯಶ್ರೇಷ್ಠನಾದ, ನಾವು 146 ರನ್‌ಗಳಿಂದ ಸೋತೆವು. ಹುಲ್ಲು ಮೊದಲ ದಿನದ ಅತಿಥಿ.

ಪ್ರಶ್ನೆ: ನಾನು ಹತ್ತನೇ ತರಗತಿ, ಎಡಗೈ ಸ್ಪಿನ್ನರ್. ಬ್ಯಾಟಿಂಗ್ ಬಾರದಿದ್ದರೆ ಯಾವ ತಂಡಕ್ಕೂ ಸೇರಿಸಿಕೊಳ್ಳುವುದಿಲ್ಲ ಎಂದು ಶಿಬಿರದಲ್ಲಿ ಹೇಳುತ್ತಾರೆ. ಬೌಲಿಂಗ್ ಕಡಿಮೆ ಮಾಡಿ ಬ್ಯಾಟಿಂಗ್ ಕಲಿಯಲೇ?
– ವಿದ್ಯಾರ್ಥಿ, ಹೊಳೆನರಸೀಪುರ

ಉತ್ತರ: ಬ್ಯಾಟಿಂಗ್ ಕಲಿ, ಬೌಲಿಂಗ್ ಕಡಿಮೆ ಮಾಡಬೇಡ. ನಿನ್ನ ಶಿಬಿರದವರು ಹೇಳಿದ್ದು ಸುಳ್ಳಲ್ಲ, ನನಗೆ ಬೇಸರ ಅಷ್ಟೇ. ದಿನಕ್ಕೆ ಅರ್ಧ ಗಂಟೆ ನೇರ ಬ್ಯಾಟಿನಿಂದ ತಡೆಯುವುದನ್ನು ಅಭ್ಯಾಸ ಮಾಡಿದರೆ ಒಂಬತ್ತನೆಯವನಾಗಿ ಮುಕ್ಕಾಲು ಗಂಟೆ ನಿಲ್ಲಬಹುದು. ಸದ್ಯಕ್ಕೆ ಅಷ್ಟು ಸಾಕು. ಉಳಿದ ಹೊತ್ತೆಲ್ಲ ಚೆಂಡಿಗೆ ಕೊಡು. ಟೆನಿಸ್ ಚೆಂಡಿನ ಟೂರ್ನಿಗಳಲ್ಲಿ ಚಪ್ಪಟೆಯಾಗಿ ತಳ್ಳುವ ಚಾಳಿ ಅಂಟಿಸಿಕೊಳ್ಳಬೇಡ. ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಹಾಸನಾಂಬ ಕ್ರೀಡಾಂಗಣದ ಕಡೆ ಬಾ, ನೋಡೋಣ. ಹೊಸ ಚೆಂಡು ತರಬೇಡ. ಹೊಲಿಗೆ ಕೂತು, ಒಂದು ಪಕ್ಕ ಸಿಪ್ಪೆ ಎದ್ದ ಹಳೆಯದೊಂದು ಇದ್ದರೆ ತಾ.