ಶೀತಪ್ರದೇಶದ ಕಡಲತೀರದಲ್ಲಿ ಚಳಿಗಾಲದ ಚೆಲುವನ್ನು ಎಲ್ಲಿ ನೋಡಬೇಕು?

ಶೀತಪ್ರದೇಶದ ಕರಾವಳಿ ಊರೊಂದಕ್ಕೆ ಹೊಸದಾಗಿ ಬಂದಿದ್ದೀರಿ, ಮೂರು ಗಂಟೆಗೇ ಕತ್ತಲಾಗುತ್ತದೆ, ಎತ್ತ ನೋಡಿದರೂ ಬೂದು ಬಣ್ಣ, ಇದರಲ್ಲಿ ಚೆಲುವು ಎಲ್ಲಿದೆ ಎಂದು ಕೇಳಿದ್ದೀರಿ. ಹಿಮಕ್ಕಾಗಿ ಕಾಯುತ್ತಿದ್ದರೆ ಕಾಯುವುದನ್ನು ಬಿಡಿ. ಕಡಲ ಗಾಳಿ ತುಸು ಬೆಚ್ಚಗಾದರೂ ತೀರದ ಹಿಮ ಕರಗಿ ಕೆಸರಾಗುತ್ತದೆ. ನಾನೂ ಇಂಥದೇ ತೀರದಲ್ಲಿದ್ದೇನೆ. ಚಳಿಗಾಲದಲ್ಲಿ ನಾನು ಮನೆಯಿಂದ ಹೊರಬೀಳುವುದು ನೀರನ್ನು ನೋಡಲಿಕ್ಕೆ.

ಚಳಿ ವಿಪರೀತವಾಗಿರುವ ಬೆಳಗನ್ನೇ ಆರಿಸಿಕೊಳ್ಳಿ. ನೆಲ ಬೇಗ ತಣಿಯುತ್ತದೆ, ಕಡಲು ಬೇಸಿಗೆಯ ಶಾಖವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗಾಳಿ ಶೂನ್ಯಕ್ಕಿಂತ 15-20 ಡಿಗ್ರಿ ಕೆಳಗಿಳಿದಾಗ ಅಲ್ಲಿ ಬೆಚ್ಚಗಿರುವುದು ನೀರೊಂದೇ. ಅದರಿಂದ ಎದ್ದ ಆವಿ ತಕ್ಷಣ ಹನಿಗಟ್ಟಿ ಇಡೀ ಕೊಲ್ಲಿ ಹೊಗೆಯಾಡತೊಡಗುತ್ತದೆ. ದೋಣಿಗಳ ಒಡಲು ಮರೆಯಾಗಿ ಮೇಲ್ಭಾಗವಷ್ಟೇ ಕಾಣುತ್ತದೆ. ಆಗ ದೂರ ನೋಡಿದ್ದು ಸಾಕೆನಿಸಿದರೆ, ದಡದ ಹಗ್ಗವೊಂದನ್ನು ಹತ್ತಿರದಿಂದ ನೋಡಿ. ಮಂಜಿನ ಹನಿಗಳು ತಾಗಿದಲ್ಲೇ ಹೆಪ್ಪುಗಟ್ಟಿ ಬಿಳಿ ಮುಳ್ಳುಗಳಾಗಿರುತ್ತವೆ. ಅವು ಬೆಳೆಯುವುದು ಗಾಳಿ ಬೀಸಿ ಬಂದ ದಿಕ್ಕಿಗೇ. ರಾತ್ರಿ ಗಾಳಿ ಯಾವ ಕಡೆಯಿಂದ ಬಂತು ಎಂಬುದನ್ನು ಆ ಹಗ್ಗವೇ ಹೇಳುತ್ತದೆ.

ಉಪ್ಪಿರುವುದರಿಂದ ಕಡಲ ನೀರು ಹೆಪ್ಪುಗಟ್ಟಲು ಸುಮಾರು ಮೈನಸ್ 1.8 ಡಿಗ್ರಿ ಬೇಕು. ಅದೂ ಒಮ್ಮೆಲೇ ಗಟ್ಟಿಯಾಗುವುದಿಲ್ಲ. ಮೊದಲು ಸಣ್ಣ ಹರಳುಗಳು ಹುಟ್ಟಿ ನೀರಿನ ಮೇಲೆ ಎಣ್ಣೆಯ ಪದರದಂತೆ ಮಂಕಾಗಿ ಹರಡುತ್ತವೆ, ಸಣ್ಣ ಅಲೆಗಳೆಲ್ಲ ಅಡಗಿಬಿಡುತ್ತವೆ. ಆಮೇಲೆ ದುಂಡನೆಯ ಬಿಲ್ಲೆಗಳು. ಒಂದಕ್ಕೊಂದು ತಾಗಿ ತಾಗಿ ಅವುಗಳ ಅಂಚು ಮೇಲೆದ್ದಿರುತ್ತದೆ. ಅಲೆ ಏರಿಳಿದಂತೆ ಅವು ಉಜ್ಜಿಕೊಳ್ಳುವ ಸದ್ದನ್ನು ನಾನು ಎಷ್ಟು ಹೊತ್ತು ಬೇಕಾದರೂ ಕೇಳುತ್ತ ನಿಲ್ಲಬಲ್ಲೆ. ಕಡಲಿನ ಇಳಿತದ ಹೊತ್ತಿಗೆ ದಡದ ಬಂಡೆಗಳ ಮೇಲೆ ಕುಸಿದು ಕೂತ ಮಂಜುಗಡ್ಡೆಯ ಹಲಗೆಗಳು ಬಿರಿಯುವುದೂ ಕೇಳುತ್ತದೆ. ಅವುಗಳ ಮೇಲೆ ಮಾತ್ರ ಕಾಲಿಡಬೇಡಿ, ಕೆಳಗೆ ಟೊಳ್ಳಿರುತ್ತದೆ.

ನಿಮ್ಮ ತೀರದಲ್ಲಿ ಇದೆಲ್ಲ ಕಾಣುತ್ತದೆಯೇ ಎಂಬುದನ್ನು ಅಕ್ಷಾಂಶ ನೋಡಿ ಹೇಳಲಾಗದು. ಸುಮಾರು 69 ಡಿಗ್ರಿ ಉತ್ತರದಲ್ಲಿರುವ ನಾರ್ವೆಯ ಟ್ರೊಮ್ಸೊ ಬಂದರು ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹದಿಂದಾಗಿ ಹೆಪ್ಪುಗಟ್ಟುವುದಿಲ್ಲ. ಅದಕ್ಕಿಂತ ಎಷ್ಟೋ ದಕ್ಷಿಣಕ್ಕೆ, 44 ಡಿಗ್ರಿಯಲ್ಲಿರುವ ಜಪಾನಿನ ಅಬಾಶಿರಿ ತೀರಕ್ಕೆ ಒಖೋಟ್ಸ್ಕ್ ಸಮುದ್ರದಿಂದ ಮಂಜುಗಡ್ಡೆ ತೇಲಿ ಬರುತ್ತದೆ. ಅಮೂರ್ ನದಿಯ ಸಿಹಿನೀರು ಆ ಸಮುದ್ರದ ಮೇಲ್ಪದರದ ಉಪ್ಪನ್ನು ತಗ್ಗಿಸುತ್ತದೆ, ಸೈಬೀರಿಯಾದ ಶೀತಗಾಳಿ ಉಳಿದ ಕೆಲಸ ಮಾಡುತ್ತದೆ. ನೀರು ಹೆಪ್ಪುಗಟ್ಟದ ತೀರವಾದರೆ ಹಕ್ಕಿಗಳನ್ನು ನೋಡಿ. ಈಡರ್ ಬಾತುಗಳಿಗೆ ಅಂಥ ಜಾಗವೇ ಬೇಕು, ಮುಳುಗಿ ಚಿಪ್ಪುಜೀವಿಗಳನ್ನು ಹೆಕ್ಕಿ ತಿನ್ನುತ್ತವೆ.

ಇನ್ನು ಕತ್ತಲಿನ ಮಾತು. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಟ್ರೊಮ್ಸೊದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಆದರೂ ಮೋಡವಿಲ್ಲದ ದಿನ ನಡುಹಗಲಿನ ಆಚೀಚೆ ದಕ್ಷಿಣದ ಅಂಚು ಗುಲಾಬಿಯಾಗಿ, ಮಿಕ್ಕ ಆಕಾಶವೂ ನೀರೂ ಕಡುನೀಲಿಯಾಗಿರುತ್ತವೆ. ನಿಮ್ಮಲ್ಲಿ ಸೂರ್ಯ ಹುಟ್ಟುತ್ತಾನೆ, ಆದರೆ ಆಕಾಶದಲ್ಲಿ ಮೇಲೇರದೆ ಕೆಳಗೇ ಸಾಗುತ್ತಾನೆ, ಹಾಗಾಗಿ ಹಗಲಿಡೀ ಸಿಗುವುದು ಓರೆಬೆಳಕೇ. ಸಾಧ್ಯವಾದರೆ ಊಟದ ಬಿಡುವನ್ನು ನಡುಹಗಲಿನ ಹೊತ್ತಿಗೆ ಹೊಂದಿಸಿಕೊಂಡು ದಡಕ್ಕೆ ಹೋಗಿ. ಕೆಲಸ ಮುಗಿಸಿ ಹೋಗುತ್ತೇನೆಂದರೆ ಡಿಸೆಂಬರ್‌ನಲ್ಲಿ ಬೆಳಕು ಸಿಗುವುದಿಲ್ಲ.