ನಿಮ್ಮ ಕ್ಯಾಪ್ಸೂಲ್ ಸಿಕ್ಕಿಬೀಳುವುದು ಎಲ್ಲಿ?

ನಮಸ್ಕಾರ. ಔಷಧಿಯನ್ನು ಕ್ಯಾನ್ಸರ್ ಗಡ್ಡೆಗೆ ಒಯ್ಯಲೆಂದು ಮಾಡುವ ಪಾಲಿಮರ್ ನ್ಯಾನೋಕ್ಯಾಪ್ಸೂಲ್, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪ್ಲಾಸ್ಟಿಕ್‌ನಂಥ ಚಿಪ್ಪಿನ ಗುಳಿಗೆ, ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ.

ತಯಾರಿಕೆಯ ಭಾಗ ಸೊಗಸಾಗಿದೆ. ಪಾಲಿಮರ್, ಎಣ್ಣೆ, ಔಷಧಿ ಮೂರನ್ನೂ ಅಸಿಟೋನ್‌ನಲ್ಲಿ ಕರಗಿಸಿ ನೀರಿಗೆ ಸುರಿದ ಕೂಡಲೇ ಎಣ್ಣೆಹನಿಗಳ ಸುತ್ತ ಚಿಪ್ಪು ಕಟ್ಟಿಕೊಳ್ಳುವುದನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದೀರಿ. ಅದನ್ನು ಮುಟ್ಟಬೇಡಿ.

ಎಡವಿದ್ದು ಆಮೇಲೆ. ಕ್ಯಾಪ್ಸೂಲ್ "ಕೊರಿಯರ್ ಹುಡುಗನ ಹಾಗೆ ನೇರ ಗಡ್ಡೆಯ ಬಾಗಿಲು ತಟ್ಟುತ್ತದೆ" ಅಂತೀರಿ. ಎಲ್ಲಿ ತಟ್ಟುತ್ತದೆ? ರಕ್ತಕ್ಕೆ ಇಳಿದ ಕೂಡಲೇ ಅದರ ಮೈಗೆ ಪ್ರೋಟೀನ್‌ಗಳು ಅಂಟಿಕೊಳ್ಳುತ್ತವೆ. ಆ ಗುರುತು ಹಿಡಿದು ಲಿವರ್‌ನ ಕುಪ್ಫರ್ ಕೋಶಗಳು, ಗುಲ್ಮದ ಮ್ಯಾಕ್ರೋಫೇಜ್‌ಗಳು (ಎರಡೂ ಹೊರಗಿನದನ್ನು ನುಂಗುವ ರೋಗನಿರೋಧಕ ಕೋಶಗಳೇ) ಬಹುಪಾಲನ್ನು ನುಂಗಿಬಿಡುತ್ತವೆ. ಟೊರಾಂಟೊ ವಿಶ್ವವಿದ್ಯಾಲಯದ ತಂಡವೊಂದು ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಒಟ್ಟುಹಾಕಿ 2016ರಲ್ಲಿ ಲೆಕ್ಕ ಕೊಟ್ಟಿತು. ನಾನಾ ಬಗೆಯ ನ್ಯಾನೋಕಣಗಳಲ್ಲಿ ಗಡ್ಡೆ ತಲುಪಿದ್ದು ಮಧ್ಯಕ ಲೆಕ್ಕದಲ್ಲಿ ಕೊಟ್ಟ ಡೋಸ್‌ನ ಬರೀ 0.7%. ನಿಮ್ಮ ಲೇಖನದಲ್ಲಿ ಈ ಅಂಕಿಯೇ ಇಲ್ಲ.

"ರೋಗನಿರೋಧಕ ಕೋಶಗಳಿಗೆ ಏನೂ ಆಗುವುದಿಲ್ಲ" ಎಂಬ ಸಾಲನ್ನು ನಾನು ಕೆಂಪು ಪೆನ್ನಿನಲ್ಲಿ ಹೊಡೆದಿದ್ದೇನೆ. ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳು ಸಾಯಲಿಲ್ಲ ಎಂಬುದೊಂದೇ ನೀವು ಕೊಟ್ಟ ಆಧಾರ. ಸಾಯದಿದ್ದರೆ ಸಾಕೇ? ಆರಾಮಾಗಿ ಬದುಕಿರುವ ಮ್ಯಾಕ್ರೋಫೇಜ್ ಕೂಡ ಟಿಎನ್‌ಎಫ್, ಐಎಲ್-6ರಂಥ ಉರಿಯೂತದ ಸಂದೇಶಗಳನ್ನು ಜೋರಾಗಿ ಹೊರಬಿಡಬಹುದು. ಚಿಪ್ಪಿನ ಮೇಲೆ ಧನ ವಿದ್ಯುದಂಶ ಇದ್ದರೆ ಕಿರಿಕಿರಿ ಸಾಮಾನ್ಯವಾಗಿ ಜಾಸ್ತಿ. ಇನ್ನೂ ಒಂದಿದೆ. ಮಾದರಿಯಲ್ಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷ ಚೂರು ಸೇರಿದ್ದರೂ ಕೋಶಗಳು ರೇಗುತ್ತವೆ, ಅಪವಾದ ಪಾಲಿಮರ್ ತಲೆಗೆ ಬರುತ್ತದೆ. ನೀವು ಹೇಳಿದ ಪ್ರಯೋಗದಲ್ಲಿ ಅದನ್ನು ಪರೀಕ್ಷಿಸಿದ್ದರೇ? ಹುಡುಕಿ, ಬರೆಯಿರಿ.

ಕಣದ ಮೈಗೆ ಬಳಿಯುವ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಲೇಪನಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ, ಅದೂ ಹೊಗಳಿಕೆ. ಅದು ಕಣಗಳನ್ನು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸುತ್ತದೆ, ನಿಜ. ಆದರೆ ದೇಹ ಪೆಗ್ ವಿರುದ್ಧವೇ ಆ್ಯಂಟಿಬಾಡಿ ಮಾಡಿಕೊಂಡರೆ ಎರಡನೇ ಡೋಸ್ ಬೇಗನೆ ಖಾಲಿ. ಇದೂ ಬರಲಿ.

ಆರಂಭದ ಎರಡು ಪ್ಯಾರಾ ಸುಮ್ನೆ ಪೀಠಿಕೆ, ತೆಗೆಯಿರಿ. 1908ರಿಂದ ಶುರುಮಾಡಿ ನೋಡಿ. ಆ ವರ್ಷ ವೈದ್ಯಕೀಯದ ನೊಬೆಲ್ ಹಂಚಿಕೊಂಡವರು ಪಾಲ್ ಎರ್ಲಿಶ್ ಮತ್ತು ಇಲ್ಯಾ ಮೆಚ್ನಿಕಾಫ್. ರೋಗದ ಮೂಲಕ್ಕೇ ಹೋಗಿ ಬಡಿಯುವ 'ಮಾಂತ್ರಿಕ ಗುಂಡಿ'ನ ಕನಸು ಕಂಡವರು ಎರ್ಲಿಶ್. ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದನ್ನು ಮುತ್ತಿಕೊಳ್ಳುವ ಕೋಶಗಳನ್ನು ಕಂಡವರು ಮೆಚ್ನಿಕಾಫ್. ಒಬ್ಬರ ಗುಂಡನ್ನು ಇನ್ನೊಬ್ಬರ ಕೋಶ ನುಂಗುತ್ತಿದೆ! ನಿಮ್ಮ ಕಥೆ ಇದೇ ಅಲ್ವಾ?

ನುಂಗುವುದೆಲ್ಲ ನಷ್ಟ ಎಂದೂ ಬರೆಯಬೇಡಿ. ಕಾಲಾ ಅಜಾರ್ ಎಂಬ ಜ್ವರ ತರುವ ಪರೋಪಜೀವಿ ಅಡಗಿರುವುದೇ ಮ್ಯಾಕ್ರೋಫೇಜ್ ಒಳಗೆ. ಬಿಹಾರದಲ್ಲಿ ಅದಕ್ಕೆ ಕೊಡುವ ಲೈಪೋಸೋಮಲ್ ಆಂಫೋಟೆರಿಸಿನ್ ಔಷಧಿಗೆ ಈ ನುಂಗುವಿಕೆಯೇ ದಾರಿ. ಅದು ಕೊಬ್ಬಿನ ಕಣ, ಪಾಲಿಮರ್ ಅಲ್ಲ. ಆ ವ್ಯತ್ಯಾಸ ಹೇಳಿಯೇ ಬಳಸಿ.

'ಕ್ರಾಂತಿ' ಇದ್ದಲ್ಲೆಲ್ಲ ಹೊಡೆದುಹಾಕಿ. ತಿದ್ದಿದ ಲೇಖನ ಸಾವಿರದ ಇನ್ನೂರು ಪದ ಮೀರದಿರಲಿ.